ಎಕ್ಸ್‌ಪಲ್ಸ್‌ನಂಥ ಹಗುರ ಬೈಕ್‌ಗೆ ಏನು ಹಾಕಿಸಬೇಕು, ಏನು ಬೇಡ? ಮಲೆನಾಡಿನ ಸವಾರರಿಗೆ ಮಾಹಿತಿ

ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಭಾಗದ ಎಷ್ಟೋ ಮನೆಗಳಿಂದ ಪೇಟೆಗೆ ಬರೋದಂದ್ರೆ ಸ್ವಲ್ಪ ದೂರ ತೋಟದ ಮಣ್ಣು ರಸ್ತೆ, ಆಮೇಲೆ ಟಾರು. ಮಳೆಗಾಲದಲ್ಲಿ ಆ ಮಣ್ಣು ರಸ್ತೆಯೇ ಕೆಸರು ಗದ್ದೆ. ಹೀಗಾಗಿ ಎರಡೂ ದಾರಿಗೆ ಆಗುವ ಡ್ಯುಯಲ್ ಸ್ಪೋರ್ಟ್ ಬೈಕ್‌ಗಳು ಇಲ್ಲಿ ಶೋಕಿಗಿಂತ ಹೆಚ್ಚಾಗಿ ದಿನದ ಕೆಲಸಕ್ಕೇ ಬಳಕೆಯಾಗುತ್ತವೆ.

ಬೈಕ್ ಮನೆಗೆ ಬಂದ ಕೂಡಲೇ ಶುರುವಾಗುವ ಪ್ರಶ್ನೆ: ಇದಕ್ಕೆ ಏನೇನು ಹಾಕಿಸೋದು? ಗಾರ್ಡ್, ಲೈಟು, ಪೆಟ್ಟಿಗೆ, ಸೈಲೆನ್ಸರ್ ಅಂತ ಪಟ್ಟಿ ಬೆಳೀತಾ ಹೋಗುತ್ತೆ. ಆದರೆ ಕೆಸರಲ್ಲಿ ಕಾಪಾಡೋದು ಬೈಕಿನ ಹಗುರತನವೇ. ಹಾಕಿಸುವ ಪ್ರತಿ ವಸ್ತುವೂ ಅದನ್ನು ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತದೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂದು ತಿಳಿದು ಖರ್ಚು ಮಾಡುವುದು ಒಳ್ಳೆಯದು.

ಕಂಪನಿಯಿಂದ ಏನು ಬಂದಿದೆ ನೋಡಿ

ಉದಾಹರಣೆಗೆ ಹೀರೊ ಎಕ್ಸ್‌ಪಲ್ಸ್ 200 ತೆಗೆದುಕೊಳ್ಳಿ. 2019ರಲ್ಲಿ ಬಂದ ಈ ಬೈಕಿನ 4ವಿ ಮಾದರಿ 2021ರಲ್ಲಿ ಮಾರುಕಟ್ಟೆಗೆ ಬಂತು. 199.6 ಸಿಸಿ ಎಂಜಿನ್, ಸುಮಾರು 158 ಕೆ.ಜಿ. ತೂಕ, 220 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್, ಮುಂದೆ 21 ಇಂಚು ಮತ್ತು ಹಿಂದೆ 18 ಇಂಚಿನ ಸ್ಪೋಕ್ ಚಕ್ರ. ಎಂಜಿನ್ ಕೆಳಗಿನ ಬ್ಯಾಶ್ ಪ್ಲೇಟ್, ಹ್ಯಾಂಡಲ್‌ನ ನಕಲ್ ಗಾರ್ಡ್, ಹಿಂದಿನ ಲಗೇಜ್ ಪ್ಲೇಟ್ ಕಂಪನಿಯಿಂದಲೇ ಬರುತ್ತವೆ. ಇವನ್ನೇ ಮತ್ತೆ ದುಡ್ಡು ಕೊಟ್ಟು ಹಾಕಿಸುವ ಅಗತ್ಯ ಹೆಚ್ಚಿನವರಿಗೆ ಇಲ್ಲ.

ಹೋಲಿಕೆಗೆ, ಹಳೆಯ ಹಿಮಾಲಯನ್ 411 ತೂಕ ಸುಮಾರು 199 ಕೆ.ಜಿ. ಅಂದರೆ 40 ಕೆ.ಜಿ. ವ್ಯತ್ಯಾಸ. ಎಕ್ಸ್‌ಪಲ್ಸ್‌ಗೆ ದಪ್ಪ ಸ್ಟೀಲ್ ಗಾರ್ಡ್, ಸ್ಟೇ, ಮೂರು ಲೋಹದ ಪೆಟ್ಟಿಗೆ ಹಾಕಿಸಿದರೆ ಸಾಮಾನು ತುಂಬುವ ಮೊದಲೇ ಅದರಲ್ಲಿ ಅರ್ಧದಷ್ಟು ಹೊರಟು ಹೋಗುತ್ತದೆ. ಕೆಸರಲ್ಲಿ ಬಿದ್ದ ಬೈಕನ್ನು ಒಬ್ಬರೇ ಎತ್ತುವಾಗ ಆ ತೂಕ ಏನೆಂದು ಗೊತ್ತಾಗುತ್ತೆ.

ಮೊದಲ ಖರ್ಚು: ಹೆಲ್ಮೆಟ್, ಕಾಲಿನ ರಕ್ಷಣೆ

ಬೈಕಿಗಿಂತ ಮೊದಲು ಸವಾರನಿಗೆ. ಐಎಸ್‌ಐ ಗುರುತಿನ, ಗಲ್ಲ ಮುಚ್ಚುವ ಹೆಲ್ಮೆಟ್ ಇರಲಿ. 2021ರ ಜೂನ್ 1ರಿಂದ ಐಎಸ್‌ಐ ಇಲ್ಲದ ದ್ವಿಚಕ್ರ ಹೆಲ್ಮೆಟ್ ಮಾರುವುದೂ ಅಪರಾಧ. ಅಂಗಡಿಯವರು ಇದನ್ನು ಗಮನದಲ್ಲಿಡಬೇಕು.

ಮೊಣಕಾಲು ಗಾರ್ಡ್, ಗ್ಲೌಸ್, ಹಿಮ್ಮಡಿಯ ಗಂಟು ಮುಚ್ಚುವ ಗಟ್ಟಿ ಬೂಟು ಆಮೇಲೆ. ತೋಟದ ಗಂಬೂಟು ನೀರು ತಡೆಯುತ್ತದೆ, ಆದರೆ ಬೈಕ್ ಕಾಲ ಮೇಲೆ ಬಿದ್ದರೆ ಪಾದ ತಿರುಚುವುದನ್ನು ತಡೆಯಲ್ಲ.

ಎರಡನೆಯದು: ಟಯರ್, ಟ್ಯೂಬ್, ಸ್ಪೋಕ್

ಬೈಕಿನ ನಡವಳಿಕೆಯನ್ನು ತುಂಬಾ ಬದಲಿಸುವ ವಸ್ತು ಅಂದ್ರೆ ಟಯರ್. ದೊಡ್ಡ ಗುಬಟಿನ ಟಯರ್ ಕೆಸರಲ್ಲಿ ಚೆನ್ನಾಗಿ ಹಿಡಿಯುತ್ತೆ. ಅದೇ ಟಯರ್ ಮಳೆ ಬಿದ್ದ ಘಾಟಿಯ ಟಾರಿನಲ್ಲಿ ಬ್ರೇಕ್ ಹಿಡಿದಾಗ ಜಾರುತ್ತೆ, ಬೇಗ ಸವೆಯುತ್ತೆ. ದಿನಕ್ಕೆ ನಾಲ್ಕೈದು ಕಿ.ಮೀ. ಮಾತ್ರ ಮಣ್ಣು ರಸ್ತೆ ಇರುವವರಿಗೆ ಎರಡಕ್ಕೂ ಆಗುವ ಮಧ್ಯಮ ಗುಬಟಿನ ಟಯರೇ ಸರಿ. ಅಳತೆ ಮಾತ್ರ ಕಂಪನಿ ಕೊಟ್ಟದ್ದೇ ಇರಲಿ. ಪಕ್ಕದಲ್ಲಿರುವ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ಎಂದು ಜೋಡಿಸುವಾಗ ನೋಡಿ.

ಸ್ಪೋಕ್ ಚಕ್ರಕ್ಕೆ ಟ್ಯೂಬ್ ಬೇಕು. 21 ಇಂಚಿನ ಟ್ಯೂಬ್ ಎಲ್ಲ ಪಂಕ್ಚರ್ ಅಂಗಡಿಯಲ್ಲೂ ಸಿಗಲ್ಲ. ಆದ್ದರಿಂದ ಒಂದು 21 ಇಂಚಿನ ಟ್ಯೂಬ್, ಎರಡು ಟಯರ್ ಲಿವರ್, ಪ್ಯಾಚ್, ಸಣ್ಣ ಪಂಪು ಬೈಕಲ್ಲೇ ಇರಲಿ. ತೀರಾ ಅನಿವಾರ್ಯವಾದರೆ ಇದೇ ಟ್ಯೂಬನ್ನು ಹಿಂದಿನ 18 ಇಂಚಿನ ಚಕ್ರಕ್ಕೆ ಹಾಕಿ ನಿಧಾನವಾಗಿ ಪೇಟೆ ತಲುಪಬಹುದು. 18 ಇಂಚಿನದು ಮುಂದಕ್ಕೆ ಆಗಲ್ಲ. ಬಿಡಿಭಾಗದ ಅಂಗಡಿಯವರು ಮಳೆಗಾಲಕ್ಕೆ ಮುಂಚೆ ಈ ಟ್ಯೂಬ್ ನಾಲ್ಕಾರು ತರಿಸಿಟ್ಟರೆ ಗಿರಾಕಿಗೂ ಅನುಕೂಲ.

ಕೆಸರಲ್ಲಿ ಹಿಡಿತಕ್ಕೆ ಗಾಳಿ ಸ್ವಲ್ಪ ಇಳಿಸುವವರಿದ್ದಾರೆ. ತುಂಬಾ ಇಳಿಸಿದರೆ ಕಲ್ಲು ತಾಗಿದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಹರಿಯುತ್ತೆ. ಟಾರು ಬಂದ ಕೂಡಲೇ ಮತ್ತೆ ತುಂಬಿಸಬೇಕು.

ಹೊಂಡ ಜಾಸ್ತಿ ಇರುವ ದಾರಿಯಲ್ಲಿ ಸ್ಪೋಕ್ ಸಡಿಲವಾಗುತ್ತವೆ. ಸ್ಕ್ರೂಡ್ರೈವರ್‌ನಿಂದ ಒಂದೊಂದಾಗಿ ತಟ್ಟಿ ನೋಡಿ. ಬಿಗಿ ಇದ್ದದ್ದು ‘ಟಿಣ್’ ಅನ್ನುತ್ತೆ, ಸಡಿಲ ಇದ್ದದ್ದು ‘ಟಪ್’ ಅನ್ನುತ್ತೆ. ಸಡಿಲ ಸಿಕ್ಕರೆ ಚಕ್ರದ ಬೆಂಡ್ ತೆಗೆಯುವ ಮೆಕ್ಯಾನಿಕ್ ಬಳಿ ಟೈಟ್ ಮಾಡಿಸಿ.

ಮೂರನೆಯದು: ಬಿದ್ದರೆ ಮುರಿಯುವ ಭಾಗಗಳು

ನಿಧಾನವಾಗಿ ಬಿದ್ದಾಗ ಹೆಚ್ಚಾಗಿ ಮುರಿಯುವುದು ಕ್ಲಚ್ ಅಥವಾ ಬ್ರೇಕ್ ಲಿವರ್, ಬಾಗುವುದು ಗೇರ್ ಲಿವರ್. ಒಂದು ಜೊತೆ ಲಿವರ್ ಮತ್ತು ಒಂದು ಕ್ಲಚ್ ಕೇಬಲ್ ಬಿಡಿಯಾಗಿ ಇಟ್ಟುಕೊಳ್ಳಿ. ಎಂಜಿನ್ ಬದಿಗೆ ಗಾರ್ಡ್ ಹಾಕಿಸುವುದಾದರೆ ಫ್ರೇಮಿನ ಬೋಲ್ಟ್‌ಗೆ ಸರಿಯಾಗಿ ಕೂರುವ, ಹಗುರವಾದದ್ದು ಸಾಕು. ವೆಲ್ಡಿಂಗ್ ಮಾಡಿಸೋದು ಬೇಡ.

ಸೈಡ್ ಸ್ಟ್ಯಾಂಡ್ ತುದಿಗೆ ಅಗಲದ ಪ್ಲೇಟ್ ಹಾಕಿಸುವುದು ಕಡಿಮೆ ಖರ್ಚಿನ, ನಿಜಕ್ಕೂ ಉಪಯೋಗದ ಕೆಲಸ. ಮೆದು ಮಣ್ಣಲ್ಲಿ ಸ್ಟ್ಯಾಂಡ್ ಹೂತು ಬೈಕ್ ಮಗುಚುವುದು ತಪ್ಪುತ್ತೆ.

ಸೀಟು ಎತ್ತರವಾಯಿತು ಅನ್ನುವವರು ಸೀಟ್ ಕವರ್ ಅಂಗಡಿಯಲ್ಲಿ ಫೋಮ್ ಸ್ವಲ್ಪ ಕಡಿಮೆ ಮಾಡಿಸಬಹುದು. ಸಸ್ಪೆನ್ಷನ್ ಇಳಿಸಿದರೆ ಗ್ರೌಂಡ್ ಕ್ಲಿಯರೆನ್ಸ್ ಹೋಗುತ್ತೆ, ತಿರುವಿನಲ್ಲಿ ಬೈಕಿನ ನಡೆಯೂ ಬದಲಾಗುತ್ತೆ.

ಸಾಮಾನು ಸಾಗಿಸುವವರಿಗೆ

ಲಗೇಜ್ ಪ್ಲೇಟ್ ಮೇಲೆ ಭಾರ ಹೇರಿದಷ್ಟೂ ಮುಂದಿನ ಚಕ್ರ ಹಗುರವಾಗುತ್ತೆ, ಏರಿನಲ್ಲಿ ಹ್ಯಾಂಡಲ್ ಮಾತು ಕೇಳಲ್ಲ. ಪ್ಲೇಟಿನ ಮಿತಿ ಎಷ್ಟೆಂದು ಕಂಪನಿಯ ಪುಸ್ತಕದಲ್ಲಿ ನೋಡಿ. ಭಾರದ ಸಾಮಾನು ಎರಡು ಬದಿಗೆ ಸಮನಾಗಿ, ಆದಷ್ಟು ಕೆಳಗೆ ಬರುವಂತೆ ಬಟ್ಟೆಯ ಸ್ಯಾಡಲ್ ಬ್ಯಾಗ್‌ನಲ್ಲಿ ಕಟ್ಟಿ. ಎಕ್ಸ್‌ಪಲ್ಸ್‌ನ ಸೈಲೆನ್ಸರ್ ಬಲಬದಿಯಲ್ಲಿ ಮೇಲಕ್ಕೆ ಬಂದಿದೆ. ನಡುವೆ ಸ್ಟೇ ಇಲ್ಲದಿದ್ದರೆ ಬ್ಯಾಗ್ ಸುಡುತ್ತೆ.

ಲೈಟು, ವೈರಿಂಗ್

ಮಂಜು ಮುಸುಕಿದ ಘಾಟಿಯಲ್ಲಿ ಹೆಚ್ಚುವರಿ ಲೈಟು ಸಹಾಯ ಮಾಡುತ್ತೆ. ಹಾಕಿಸುವುದಾದರೆ ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ ಮೂಲಕವೇ ಲೈನ್ ತೆಗೆಸಿ, ನೀರು ಹೋಗದ ಕನೆಕ್ಟರ್ ಬಳಸಿ. ಕಂಪನಿಯ ವೈರ್ ಕತ್ತರಿಸಿದರೆ ವಾರಂಟಿಗೆ ತೊಂದರೆ, ಮಳೆಯಲ್ಲಿ ಶಾರ್ಟ್ ಆಗುವ ಭಯ ಬೇರೆ. ಬೆಳಕು ಕೆಳಗೆ, ರಸ್ತೆ ಮೇಲೆ ಬೀಳಬೇಕು. ಎದುರಿನವರ ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ರಾಜ್ಯ ಪೊಲೀಸರು 2024ರ ಜುಲೈನಿಂದ ವಿಶೇಷ ಕಾರ್ಯಾಚರಣೆ ನಡೆಸಿದ್ದಾರೆ.

ಇದು ಬೇಡ: ಸೈಲೆನ್ಸರ್ ಬದಲಾವಣೆ

ಜೋರು ಸದ್ದಿನ ಸೈಲೆನ್ಸರ್‌ನಿಂದ ಏರು ಹತ್ತುವ ಶಕ್ತಿ ಹೆಚ್ಚಾಗುತ್ತೆ ಅನ್ನೋದು ತಪ್ಪು ಕಲ್ಪನೆ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2) ಕಲಂ ಪ್ರಕಾರ ಮೊದಲ ಬಾರಿಗೆ 10,000 ರೂ. ವರೆಗೆ ದಂಡ ಅಥವಾ 3 ತಿಂಗಳವರೆಗೆ ಜೈಲು, ಜೊತೆಗೆ 3 ತಿಂಗಳು ಡಿಎಲ್ ಅನರ್ಹತೆ.

ಆರ್‌ಸಿಯಲ್ಲಿರುವ ಮೂಲ ವಿವರಕ್ಕೆ ಹೊಂದದ ಬದಲಾವಣೆಗೆ 52ನೇ ಕಲಂ ಅವಕಾಶ ಕೊಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಎಂಜಿನ್, ಫ್ರೇಮ್, ಸೈಲೆನ್ಸರ್ ಮುಟ್ಟಿದ ಬೈಕ್ ಅಪಘಾತವಾದರೆ ವಿಮೆ ಹಣಕ್ಕೂ ತಕರಾರು ಬರುತ್ತೆ. ಹೊರಗಿನಿಂದ ಹಾಕಿಸಿದ ಲೈಟು, ಗಾರ್ಡ್, ಪೆಟ್ಟಿಗೆಗಳ ಬೆಲೆಯನ್ನು ಪಾಲಿಸಿಯಲ್ಲಿ ಸೇರಿಸಿರದಿದ್ದರೆ ಅವಕ್ಕೆ ಪರಿಹಾರ ಸಿಗಲ್ಲ. ಬಿಲ್ ಜೋಪಾನ ಮಾಡಿ, ರಿನ್ಯೂವಲ್ ಸಮಯದಲ್ಲಿ ಏಜೆಂಟರಿಗೆ ತಿಳಿಸಿ.

ಮಳೆಗಾಲದಲ್ಲಿ ವಾರಕ್ಕೊಮ್ಮೆ ನೋಡಬೇಕಾದ್ದು

- ಚೈನ್: ಕೆಸರು ತೊಳೆದು ಲ್ಯೂಬ್, ಸಡಿಲ ಎಷ್ಟಿದೆ
- ಬ್ರೇಕ್ ಪ್ಯಾಡ್: ಮಣ್ಣು ನೀರಲ್ಲಿ ಬೇಗ ಸವೆಯುತ್ತೆ
- ಏರ್ ಫಿಲ್ಟರ್: ಹಳ್ಳದ ನೀರು ದಾಟಿದ್ದರೆ ತೆಗೆದು ನೋಡಿ
- ಸ್ಪೋಕ್, ಗಾರ್ಡ್ ಮತ್ತು ಸ್ಟೇಗಳ ಬೋಲ್ಟ್
- ಎರಡೂ ಟಯರಿನ ಗಾಳಿ

ಬಜೆಟ್ ಕಡಿಮೆ ಇದ್ದರೆ ಹೆಲ್ಮೆಟ್, ಟಯರ್, ಟ್ಯೂಬ್ ಕಿಟ್, ಬಿಡಿ ಲಿವರ್, ಸ್ಟ್ಯಾಂಡ್ ಪ್ಲೇಟ್ ಇಷ್ಟೇ ಸಾಕು. ಒಂದು ಮಳೆಗಾಲ ಓಡಿಸಿ ನೋಡಿದ ಮೇಲೂ ಬೇಕು ಅನ್ನಿಸಿದ್ದನ್ನು ಮಾತ್ರ ಆಮೇಲೆ ಹಾಕಿಸಿ.