ಜಿಮ್ ಕ್ಯಾರಿ ಬರೆದ ಚೆಕ್: ರೀಲ್‌ನಲ್ಲಿ ಕಟ್ ಆದ ಕಥೆ

🎭 ಭಾಗ 1/7

ಈ ರೀಲ್ ನಿಮ್ಮ ಫೀಡಿಗೂ ಬಂದಿರುತ್ತೆ. ಕೈಯಲ್ಲಿ ಕಾಸಿಲ್ಲದ ಹುಡುಗನೊಬ್ಬ ತನಗೆ ತಾನೇ 1 ಕೋಟಿ ಡಾಲರಿಗೆ ಚೆಕ್ ಬರ್ಕೊಂಡ, ಪರ್ಸಲ್ಲಿಟ್ಟ, ನಂಬಿದ, ದುಡ್ಡು ಬಂತು. ಹಿಂದೆ ಪಿಯಾನೋ ಮ್ಯೂಸಿಕ್. ಕಾಮೆಂಟ್ ತುಂಬಾ 'ಮ್ಯಾನಿಫೆಸ್ಟ್ ಮಾಡಿ, ಆಗುತ್ತೆ'.

ಆ ಹುಡುಗ ಜಿಮ್ ಕ್ಯಾರಿ. 'ದಿ ಮಾಸ್ಕ್' ಸಿನಿಮಾದ ಹಸಿರು ಮುಖದವನು. ಟೀವಿಯಲ್ಲಿ ಬಂದಾಗಲೆಲ್ಲ ನೋಡಿ ನಕ್ಕಿದ್ದೀವಿ.

ಚೆಕ್ ಕಥೆ ಸುಳ್ಳಲ್ಲ, ಅವರೇ ಹೇಳಿದ್ದು. ಆದ್ರೆ ರೀಲ್ 30 ಸೆಕೆಂಡಲ್ಲಿ ಮುಗಿಯುತ್ತೆ, ಕಥೆ ಸುಮಾರು 20 ವರ್ಷದ್ದು. ನಾನು ಓದ್ತಿರೋದು ಬಿಕಾಂ. ಚೆಕ್ ಅಂದ್ರೆ ಅದರ ಹಿಂದಿನ ಖಾತೆ ನೋಡದೆ ಬಿಡೋಕಾಗಲ್ಲ. ಬನ್ನಿ, ಲೆಡ್ಜರ್ ತೆಗೆಯೋಣ.

📒 ಭಾಗ 2/7: ಅಕೌಂಟೆಂಟ್ ಅಪ್ಪ

ಜಿಮ್ ಹುಟ್ಟಿದ್ದು 1962ರ ಜನವರಿ 17ರಂದು, ಕೆನಡಾದ ಟೊರಾಂಟೊ ಹತ್ತಿರದ ನ್ಯೂಮಾರ್ಕೆಟ್ ಅನ್ನೋ ಊರಲ್ಲಿ. ನಾಲ್ಕು ಮಕ್ಕಳಲ್ಲಿ ಕೊನೆಯವನು. ಅಮ್ಮ ಕ್ಯಾಥ್ಲೀನ್‌ಗೆ ಯಾವಾಗಲೂ ಹುಷಾರಿರ್ತಿರಲಿಲ್ಲ. ಅವರು ಮಲಗಿದ್ದಾಗ ಮಗ ಗೋಡೆಗೆ ಡಿಕ್ಕಿ ಹೊಡೆದು, ಮೆಟ್ಟಿಲಿಂದ ಬಿದ್ದಂತೆ ಮಾಡಿ ನಗಿಸ್ತಿದ್ದ. ಅವನ ಮೊದಲ ಪ್ರೇಕ್ಷಕಿ ಅಮ್ಮನೇ.

ಅಪ್ಪ ಪರ್ಸಿ ಸ್ಯಾಕ್ಸೊಫೋನ್ ನುಡಿಸ್ತಿದ್ದವರು. ಮನೆಗೆ ಯಾರೇ ಬಂದ್ರೂ ನಗಿಸಿ ಕಳಿಸ್ತಿದ್ದವರು. ಆದ್ರೆ ಸಂಸಾರ ನಡೀಬೇಕಲ್ಲ? ಸಂಗೀತ ಬದಿಗಿಟ್ಟು ಅಕೌಂಟೆಂಟ್ ಆದ್ರು. ಸೇಫ್ ಕೆಲಸ.

ಜಿಮ್‌ಗೆ 12 ವರ್ಷ ಆಗಿದ್ದಾಗ ಆ ಸೇಫ್ ಕೆಲಸ ಹೋಯ್ತು.

ಆಮೇಲೆ ಇಡೀ ಕುಟುಂಬ ಸ್ಕಾರ್ಬರೋದ ಟೈಟನ್ ವೀಲ್ಸ್ ಅನ್ನೋ ಚಕ್ರದ ಫ್ಯಾಕ್ಟರಿಯಲ್ಲಿ ಕಸ ಗುಡಿಸೋದು, ಕಾವಲು ಕಾಯೋದು ಮಾಡಿತು. ಹುಡುಗ ಸ್ಕೂಲ್ ಮುಗಿಸಿ ನೇರ ಶಿಫ್ಟಿಗೆ. ನಿದ್ದೆ ಇಲ್ಲ, ಪಾಠ ತಲೆಗೆ ಹತ್ತಲಿಲ್ಲ. 16ಕ್ಕೆ ಸ್ಕೂಲೇ ಬಿಟ್ಟ. ಫ್ಯಾಕ್ಟರಿ ಬಿಟ್ಟ ಮೇಲೆ ಕೆಲವು ಕಾಲ ಎಲ್ಲರೂ ಒಂದು ವ್ಯಾನಿನಲ್ಲೇ ಮಲಗಿ ಎದ್ದರು.

ರೀಲ್ ನೋಡಿದಾಗ ನನಗೆ ಈ ಅಪ್ಪ ಗೊತ್ತೇ ಇರಲಿಲ್ಲ. ನಿಮಗೆ?

🎤 ಭಾಗ 3/7: ಹಳದಿ ಸೂಟು

1977. ಟೊರಾಂಟೊದ 'ಯಕ್ ಯಕ್ಸ್' ಅನ್ನೋ ಕಾಮಿಡಿ ಕ್ಲಬ್. 15 ವರ್ಷದ ಜಿಮ್‌ನನ್ನ ಕಾರಲ್ಲಿ ಕರ್ಕೊಂಡು ಹೋಗಿದ್ದು ಅಪ್ಪ. ಹಳದಿ ಪಾಲಿಯೆಸ್ಟರ್ ಸೂಟು ಹಾಕ್ಕೋ ಅಂದಿದ್ದು ಅಮ್ಮ. ಫಲಿತಾಂಶ? ಅಟ್ಟರ್ ಫ್ಲಾಪ್. ಜನ ಬೈದು ಇಳಿಸಿದ್ರು.

ಸುಮಾರು ಎರಡು ವರ್ಷ ಅತ್ತ ತಲೆ ಹಾಕಲಿಲ್ಲ. ಮತ್ತೆ ಬಂದಾಗ ಕೈಯಲ್ಲಿ ಮಿಮಿಕ್ರಿ ಇತ್ತು. ದೊಡ್ಡ ದೊಡ್ಡ ನಟರ ಮುಖವನ್ನೇ ತನ್ನ ಮುಖದ ಮೇಲೆ ತರ್ತಿದ್ದ. ಹಿರಿಯ ಹಾಸ್ಯನಟ ರಾಡ್ನಿ ಡೇಂಜರ್‌ಫೀಲ್ಡ್ ತಮ್ಮ ಶೋಗಳಿಗೆ ಮುಂಚೆ ಆಡೋಕೆ ಕರೆದ್ರು. ಜಿಮ್ ಲಾಸ್ ಏಂಜಲೀಸ್ ಸೇರಿದ.

ಅಲ್ಲಿಗೆ ಸಕ್ಸಸ್ ಅಂದ್ಕೊಂಡ್ರಾ? ಇಲ್ಲ. ಅಮೆರಿಕದ ಅತಿ ದೊಡ್ಡ ಸ್ಕೆಚ್ ಶೋ 'ಸ್ಯಾಟರ್ಡೇ ನೈಟ್ ಲೈವ್' 1980ರಲ್ಲಿ ಆಡಿಷನ್ ಮಾಡಿ ತಗೊಳ್ಳಲಿಲ್ಲ. 1984ರಲ್ಲಿ 'ದಿ ಡಕ್ ಫ್ಯಾಕ್ಟರಿ' ಅನ್ನೋ ಟೀವಿ ಶೋ ಸಿಕ್ತು, 13 ಕಂತಿಗೆ ನಿಂತೇ ಹೋಯ್ತು. ಸಣ್ಣ ಪುಟ್ಟ ಸಿನಿಮಾ ಮಾಡಿದ, ಯಾರೂ ಗುರುತು ಹಿಡೀಲಿಲ್ಲ.

ಇದರ ಮಧ್ಯೆ ಒಂದು ಹುಚ್ಚು ನಿರ್ಧಾರ. ಅನ್ನ ಕೊಡ್ತಿದ್ದ ಮಿಮಿಕ್ರಿಯನ್ನೇ ಬಿಟ್ಟ. ಬೇರೆಯವರ ಮುಖ ಹೊತ್ತು ಬದುಕೋದು ಅವನಿಗೆ ಸಾಕಾಗಿತ್ತು.

ಆ ಖಾಲಿ ವರ್ಷಗಳಲ್ಲೇ ಚೆಕ್ ಬರೆದಿದ್ದು. ಹಳೇ ಟೊಯೊಟಾ ಕಾರಲ್ಲಿ ಮಲ್‌ಹಾಲಂಡ್ ರಸ್ತೆಯ ಗುಡ್ಡ ಹತ್ತಿ ಕೆಳಗಿನ ಊರಿನ ದೀಪ ನೋಡ್ತಾ ಕೂರ್ತಿದ್ದನಂತೆ. ಮೊತ್ತ: 1 ಕೋಟಿ ಡಾಲರ್. ಬಾಬತ್ತು: ನಟನೆಯ ಸೇವೆಗಾಗಿ. ದಿನಾಂಕ: 1995ರ ಥ್ಯಾಂಕ್ಸ್‌ಗಿವಿಂಗ್ ಹಬ್ಬ.

🔥 ಭಾಗ 4/7: ಸುಟ್ಟ ಮುಖದ ಆಫೀಸರ್

ಅವನ ಖಾತೆಗೆ ಡೆಪಾಸಿಟ್ ಶುರುವಾಗಿದ್ದು 1990ರ ಏಪ್ರಿಲ್‌ನಲ್ಲಿ, ಫಾಕ್ಸ್ ಚಾನೆಲ್ಲಿನ 'ಇನ್ ಲಿವಿಂಗ್ ಕಲರ್' ಶೋನಿಂದ. ಕಟ್ಟಿದವರು ಕೀನನ್ ಐವರಿ ವೇಯನ್ಸ್. ಕಪ್ಪು ಕಲಾವಿದರೇ ಹೆಚ್ಚಾಗಿದ್ದ ಸ್ಕೆಚ್ ಶೋ ಅದು. ಬಿಳಿಯರಾಗಿ ಮೊದಲ ತಂಡದಲ್ಲಿದ್ದ ಒಬ್ಬಿಬ್ಬರಲ್ಲಿ ಜಿಮ್ ಒಬ್ಬ. ತಮ್ಮ ಜನರಿಗೇ ಬಾಗಿಲು ತೆರೆಯದ ಟೀವಿಯಲ್ಲಿ ತಾವೇ ಒಂದು ಬಾಗಿಲು ಮಾಡಿಕೊಂಡವರು, ಹತ್ತು ವರ್ಷ ಬಾಗಿಲು ತಟ್ಟಿದ್ದ ಇವನನ್ನೂ ಒಳಗೆ ಕರೆದ್ರು. ಇದೂ ರೀಲಲ್ಲಿಲ್ಲ.

ಸ್ಕೆಚ್ ಅಂದ್ರೆ ಕೆಲವೇ ನಿಮಿಷದ ಪ್ರಹಸನ. ಪಾತ್ರ ಪರಿಚಯ ಮಾಡೋಕೆ ಟೈಮಿಲ್ಲ. ಕಾಲಿಟ್ಟ ಕೂಡಲೇ ಮುಖ, ದನಿ, ನಡಿಗೆ ಎಲ್ಲ ಹೇಳಿಬಿಡಬೇಕು. ಮುಂದಿನ ವಾರ ಮತ್ತೆ ಹೊಸದು.

ಅಲ್ಲಿ ಹುಟ್ಟಿದ್ದು 'ಫೈರ್ ಮಾರ್ಷಲ್ ಬಿಲ್'. ಮೈಯೆಲ್ಲ ಸುಟ್ಟ ಅಗ್ನಿಶಾಮಕ ಅಧಿಕಾರಿ, ತುಟಿ ಎಳೆದು ಹಲ್ಲು ಕಿರಿದ ಮುಖ. ಬೆಂಕಿಯಿಂದ ಹುಷಾರಾಗಿರಿ ಅಂತ ಪಾಠ ಹೇಳ್ತಾ ಹೇಳ್ತಾ ಇಡೀ ಜಾಗಕ್ಕೇ ಬೆಂಕಿ ಇಡ್ತಾನೆ. ಈ ಸಲ ಆ ಮುಖ ಬೇರೆ ಯಾವ ನಟನದ್ದೂ ಅಲ್ಲ. ಅವನದ್ದೇ.

🎬 ಭಾಗ 5/7: 1994

ಒಂದೇ ವರ್ಷ. ಫೆಬ್ರವರಿಯಲ್ಲಿ 'ಏಸ್ ವೆಂಚುರಾ', ಜುಲೈನಲ್ಲಿ 'ದಿ ಮಾಸ್ಕ್', ಡಿಸೆಂಬರಲ್ಲಿ 'ಡಂಬ್ ಆ್ಯಂಡ್ ಡಂಬರ್'. ಮೂರೂ ಹಿಟ್. 'ದಿ ಮಾಸ್ಕ್' ಒಂದೇ ಪ್ರಪಂಚದಾದ್ಯಂತ 35 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರ ಗ್ರಾಫಿಕ್ಸ್‌ಗೆ ಆಸ್ಕರ್ ನಾಮಿನೇಷನ್ ಬಂತು, ಆದ್ರೆ ಅರ್ಧ ಗ್ರಾಫಿಕ್ಸ್ ಅವನ ಮುಖದಲ್ಲೇ ಇತ್ತು ಅಂತ ನನ್ನ ವಾದ.

ಈಗ ಸಂಭಾವನೆ ಕಾಲಂ ನೋಡಿ. ವರದಿಗಳ ಪ್ರಕಾರ 'ಏಸ್ ವೆಂಚುರಾ'ಗೆ 3.5 ಲಕ್ಷ ಡಾಲರ್. 'ಡಂಬ್ ಆ್ಯಂಡ್ ಡಂಬರ್'ಗೆ 70 ಲಕ್ಷ. 1995ರಲ್ಲಿ ಒಪ್ಪಿಕೊಂಡ 'ದಿ ಕೇಬಲ್ ಗೈ'ಗೆ 2 ಕೋಟಿ. ಅಂದ್ರೆ ಚೆಕ್ಕಿನ ದಿನಾಂಕ ಬರೋ ಹೊತ್ತಿಗೆ ಅವನ ರೇಟು ಚೆಕ್ಕಿನ ಎರಡರಷ್ಟು!

🕯️ ಭಾಗ 6/7: ಆ ಚೆಕ್ ಈಗೆಲ್ಲಿದೆ?

ಅಮ್ಮ 1991ರಲ್ಲೇ ಹೋಗಿದ್ದರು. ಅಪ್ಪ ಪರ್ಸಿ ತೀರಿಕೊಂಡಿದ್ದು 1994ರಲ್ಲಿ. ಮಗ ಗೆದ್ದ ವರ್ಷವೇ, ಚೆಕ್ಕಿನ ದಿನಾಂಕಕ್ಕೆ ಇನ್ನೂ ಒಂದು ವರ್ಷ ಬಾಕಿ ಇದ್ದಾಗ.

ಪರ್ಸಲ್ಲಿ ಮಡಿಸಿ ಮಡಿಸಿ ಸವೆದಿದ್ದ ಆ ಚೆಕ್ಕನ್ನ ಜಿಮ್ ಅಪ್ಪನ ಶವಪೆಟ್ಟಿಗೆಯಲ್ಲಿಟ್ಟ. ಅದು ಅವರಿಬ್ಬರ ಕನಸಾಗಿತ್ತು ಅಂತ ಆಮೇಲೆ ಹೇಳಿದ.

ಅಂದ್ರೆ ಆ ಚೆಕ್ ಯಾವತ್ತೂ ಬ್ಯಾಂಕಿಗೆ ಹೋಗಲೇ ಇಲ್ಲ.

✍️ ಭಾಗ 7/7: ನಮ್ಮ ಲೆಕ್ಕ

1997ರಲ್ಲಿ ಓಪ್ರಾ ವಿನ್‌ಫ್ರೀ ಶೋನಲ್ಲಿ ಜಿಮ್ ಈ ಕಥೆ ಹೇಳಿದ. ರೀಲುಗಳೆಲ್ಲ ಕತ್ತರಿಸಿಕೊಂಡಿರೋದು ಅಲ್ಲಿಂದಲೇ. ಕಷ್ಟಪಟ್ಟರೆ ತಾನೇ ಇದೆಲ್ಲ ಆಗೋದು ಅಂತ ಓಪ್ರಾ ಹೇಳಿದಾಗ, ಹೌದು, ಕನಸು ಕಂಡು ಸ್ಯಾಂಡ್‌ವಿಚ್ ತಿನ್ನೋಕೆ ಹೋದ್ರೆ ಆಗಲ್ಲ ಅನ್ನೋ ಅರ್ಥದಲ್ಲಿ ಅವನೇ ನಕ್ಕ. ಆ ಮಾತು ಬರೋ ಮೊದಲೇ ನಮ್ಮ ರೀಲ್ ಕಟ್!

ನಮಗೆ ಕ್ಲಾಸಲ್ಲಿ ಹೇಳಿಕೊಟ್ಟಿದ್ದು ಇಷ್ಟೇ: ಚೆಕ್ ದುಡ್ಡಲ್ಲ, ಆದೇಶ. ಖಾತೆಯಲ್ಲಿ ಹಣ ಇಲ್ಲದಿದ್ರೆ ಬೌನ್ಸ್. ಇಲ್ಲಿ ಬರೆದವನೂ ಅವನೇ, ಪಡೆಯಬೇಕಾದವನೂ ಅವನೇ. ಹಾಗಾದ್ರೆ ಖಾತೆ ತುಂಬಿಸಬೇಕಾದವನು ಯಾರು?

ಆಮೇಲೂ ಅವನು ತುಂಬಿಸ್ತಾನೇ ಇದ್ದ. 'ದಿ ಟ್ರೂಮನ್ ಶೋ' (1998), 'ಮ್ಯಾನ್ ಆನ್ ದಿ ಮೂನ್' (1999) ಎರಡಕ್ಕೂ ಗೋಲ್ಡನ್ ಗ್ಲೋಬ್ ಬಂತು, ಆಸ್ಕರ್ ನಾಮಿನೇಷನ್ ಮಾತ್ರ ಬರಲೇ ಇಲ್ಲ. ಹುಡುಕಿ ನೋಡಿ. 'ಟ್ರೂಮನ್' ನೋಡಿ ನಾನು ನಗೋದಕ್ಕಿಂತ ಹೆಚ್ಚು ಸುಮ್ಮನೆ ಕೂತಿದ್ದೆ.

2014ರಲ್ಲಿ, ಅಮೆರಿಕದ ಅಯೋವಾದಲ್ಲಿ ನಮ್ಮ ಮಹರ್ಷಿ ಮಹೇಶ್ ಯೋಗಿ ಸ್ಥಾಪಿಸಿದ ವಿಶ್ವವಿದ್ಯಾಲಯದ ಪದವಿ ಸಮಾರಂಭದಲ್ಲಿ ಅವನು ಅಪ್ಪನ ಬಗ್ಗೆ ಮಾತಾಡಿದ. ಬೇಡದ ಕೆಲಸದಲ್ಲೂ ಸೋಲಬಹುದು, ಹಾಗಿದ್ರೆ ಇಷ್ಟದ್ದರಲ್ಲೇ ಒಂದು ಕೈ ನೋಡಬಾರದೇಕೆ ಅನ್ನೋದು ಅವನ ಮಾತಿನ ಸಾರ.

ಇದನ್ನ ಕೇಳಿ ನಾಳೆನೇ ಕಾಲೇಜ್ ಬಿಡ್ತೀನಿ ಅನ್ನಬೇಡಿ 😅 ನಾನೂ ಬಿಡಲ್ಲ, ಪರೀಕ್ಷೆ ಹತ್ರ ಬಂದಿದೆ. ನನಗೆ ಈ ಕಥೆಯಲ್ಲಿ ಉಳಿದಿರೋದು ಬೇರೇನೇ. ತನ್ನ ಸ್ಯಾಕ್ಸೊಫೋನ್ ಬದಿಗಿಟ್ಟ ಅಕೌಂಟೆಂಟ್ ಒಬ್ಬ, 15 ವರ್ಷದ ಮಗನನ್ನ ಕಾರಲ್ಲಿ ಕೂರಿಸಿಕೊಂಡು ಕ್ಲಬ್ಬಿಗೆ ಬಿಟ್ಟ. ಮಗ ಸೋತು ಬಂದ ರಾತ್ರಿ ವಾಪಸ್ ಮನೆಗೂ ಕರ್ಕೊಂಡು ಬಂದಿರಬೇಕು. ಖಾತೆಗೆ ಬಿದ್ದ ಮೊದಲ ಡೆಪಾಸಿಟ್ ಅದೇ ಅಲ್ವಾ?

ನಿಮ್ಮ ಖಾತೆಗೆ ಮೊದಲು ಹಾಕಿದವರು ಯಾರು? ಕಾಮೆಂಟಲ್ಲಿ ಬರೀರಿ. ಅದಕ್ಕೂ ಮುಂಚೆ ಅವರಿಗೊಂದು ಫೋನ್ ಮಾಡಿ.

#ಜಿಮ್‌ಕ್ಯಾರಿ #ಸಿನಿಮಾಇತಿಹಾಸ #ಕನ್ನಡದಲ್ಲಿಓದಿ #ಬಿಕಾಂಲೆಕ್ಕ