ಎರಡು ಬಿನ್ನಹಗಳು: ಕಲ್ಯದಿಂದ ಕುಂದಲಹಳ್ಳಿಗೆ

ಕನ್ನಡದಲ್ಲಿ ‘ಶಾಸನ’ ಎಂಬ ಪದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಕಲ್ಲಿನ ಮೇಲೆ ಕೊರೆದ ಬರಹವೂ ಶಾಸನ, ಶಾಸನಸಭೆ ರೂಪಿಸಿದ ಕಾನೂನೂ ಶಾಸನ. ಈ ಎರಡೂ ಅರ್ಥಗಳು ಒಂದೆಡೆ ಕೂಡುವ ಅಪೂರ್ವ ದಾಖಲೆ ಶ್ರವಣಬೆಳಗೊಳದ ಬುಕ್ಕರಾಯನ ಶಾಸನ. ಅದರ ಕಾಲ ಶಕವರ್ಷ 1290, ಕೀಲಕ ಸಂವತ್ಸರ; ಅಂದರೆ ಕ್ರಿ.ಶ. 1368. ಇದೇ ತೀರ್ಪನ್ನು ಹೇಳುವ ಇನ್ನೊಂದು ಶಾಸನ ಬೆಂಗಳೂರಿಗೆ ಸಮೀಪದ ಮಾಗಡಿ ತಾಲ್ಲೂಕಿನ ಕಲ್ಯದಲ್ಲಿದೆ.

ಸಂದರ್ಭ ತಿಳಿದದ್ದೇ. ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ತಲೆದೋರಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳನ್ನು ಒಳಗೊಂಡ ಸಮಸ್ತ ನಾಡುಗಳ ಭವ್ಯಜನರು ತಮಗಾದ ಅನ್ಯಾಯವನ್ನು ಅರಸನಿಗೆ ಬಿನ್ನಹ ಮಾಡಿದರು. ಅರಸನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆಯೇ ಸಲ್ಲಬೇಕೆಂದನು. ಜೈನರು ಮನೆಗೆ ವರ್ಷಕ್ಕೊಂದು ಹಣ ಕೊಡುವುದು, ತಿರುಮಲೆಯ ತಾತಯ್ಯನು ಆ ಹಣದಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲುಗಾರರನ್ನಿಡುವುದು, ಮಿಕ್ಕದ್ದರಲ್ಲಿ ಜೀರ್ಣ ಜಿನಾಲಯಗಳನ್ನು ಸರಿಪಡಿಸುವುದು ಎಂಬ ಕಟ್ಟಳೆಯೂ ಆಯಿತು.

ಇದನ್ನು ಸಾಮಾನ್ಯವಾಗಿ ಧಾರ್ಮಿಕ ಸೌಹಾರ್ದದ ಸಾಕ್ಷ್ಯವೆಂದು ಪಾಠ ಹೇಳುತ್ತೇವೆ. ಅದು ಸರಿಯೇ. ಆದರೆ ಇದು ನ್ಯಾಯ ಕೇಳಿದವರ ದಾಖಲೆಯೂ ಹೌದು. ಸಂಖ್ಯೆಯಲ್ಲಿ ಕಡಿಮೆಯಾದ ಜನ ಊರೂರುಗಳಿಂದ ಒಂದಾಗಿ, ಆಯುಧ ಹಿಡಿಯದೆ, ಅಧಿಕಾರದ ಮುಂದೆ ತಮ್ಮ ವಾದವನ್ನಿಟ್ಟು ತೀರ್ಪು ಪಡೆದರು. ಆ ತೀರ್ಪು ಕಲ್ಲಿನಲ್ಲಿ ನಿಂತಿತು.

ಆರೂವರೆ ಶತಮಾನಗಳ ತರುವಾಯ ಬೆಂಗಳೂರಿನ ಪೂರ್ವದ ಅಂಚಿನಲ್ಲಿ ಇನ್ನೊಂದು ಬಿನ್ನಹ ಹುಟ್ಟಿತು. 2020ರ ಜನವರಿ 18 ಮತ್ತು 19ರಂದು ಕರಿಯಮ್ಮನ ಅಗ್ರಹಾರದಲ್ಲಿ ವಲಸೆ ಕಾರ್ಮಿಕರ ನೂರಕ್ಕೂ ಹೆಚ್ಚು ತಗಡಿನ ಶೆಡ್ಡುಗಳನ್ನು ಜೆಸಿಬಿಗಳು ನೆಲಸಮ ಮಾಡಿದವು. ಅಲ್ಲಿರುವವರು ಬಾಂಗ್ಲಾದೇಶದ ಅಕ್ರಮ ವಲಸಿಗರೆಂಬುದು ಆರೋಪ. ಇದ್ದವರಲ್ಲಿ ಅಸ್ಸಾಂ, ತ್ರಿಪುರಾಗಳಿಂದ ಬಂದವರಿದ್ದರು. ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಆಧಾರ್, ಮತದಾರರ ಚೀಟಿಗಳನ್ನು ತೋರಿಸಿದರೂ ಮನೆಗಳು ಉಳಿಯಲಿಲ್ಲ.

ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಘಟನೆಯು ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಸಿತು. ಕರಿಯಮ್ಮನ ಅಗ್ರಹಾರ, ದೇವರಬೀಸನಹಳ್ಳಿ, ಬೆಳ್ಳಂದೂರುಗಳ ಜೊತೆಗೆ ಕುಂದಲಹಳ್ಳಿಯ ಕಾರ್ಮಿಕರ ಪರವಾಗಿಯೂ ಅದು ರಕ್ಷಣೆ ಕೋರಿತ್ತು. ಜನವರಿ 22ರಂದು ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ಅವರಿದ್ದ ಪೀಠವು ಮುಂದಿನ ತೆರವಿಗೆ ತಡೆ ನೀಡಿತು. ಜಾಗ ತೆರವು ಮಾಡಿಸಲು ಜಮೀನಿನ ಮಾಲೀಕರಿಗೆ ಪೊಲೀಸರು ನೋಟಿಸು ಕೊಟ್ಟದ್ದು ಯಾವ ಕಾನೂನಿನ ಬಲದಿಂದ ಎಂಬ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಿತು. ಕಾನೂನಿನ ಕ್ರಮವಿಲ್ಲದೆ ಸೂರು ಕಳೆದುಕೊಂಡವರ ಪುನರ್ವಸತಿಯಲ್ಲಿ ಸರ್ಕಾರದ ಹೊಣೆಯೇನೆಂಬುದೂ ಚರ್ಚೆಗೆ ಬಂದಿತು.

ಎರಡು ಬಿನ್ನಹಗಳನ್ನು ಜೊತೆಗಿಟ್ಟರೆ ಹೋಲಿಕೆಗಿಂತ ವ್ಯತ್ಯಾಸವೇ ಹೆಚ್ಚು ತಿಳಿಸುತ್ತದೆ. ಬುಕ್ಕರಾಯನ ತೀರ್ಪು ನ್ಯಾಯವಾದದ್ದು, ಆದರೆ ಅದರ ಆಧಾರ ಅರಸನ ವಿವೇಕ. ರಕ್ಷಣೆಗೆ ಮನೆಗೊಂದು ಹಣದ ಬೆಲೆಯೂ ಇತ್ತು. ಅರಸು ಬದಲಾದರೆ ಕಲ್ಲು ಉಳಿದೀತು, ಭರವಸೆ ಉಳಿಯಬೇಕೆಂದಿಲ್ಲ. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 14 ಮತ್ತು 21ನೆಯ ವಿಧಿಗಳು ಆ ಬೆಲೆಯನ್ನು ಕೇಳುವುದಿಲ್ಲ. ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು 19ನೆಯ ವಿಧಿ ನಾಗರಿಕರಿಗೆ ಕೊಟ್ಟಿದೆ. 14 ಮತ್ತು 21 ಮಾತ್ರ ‘ನಾಗರಿಕ’ ಎನ್ನದೆ ‘ವ್ಯಕ್ತಿ’ ಎನ್ನುತ್ತವೆ. ಹಾಗಾಗಿ ಶೆಡ್ಡಿನಲ್ಲಿದ್ದವರು ಯಾವ ದೇಶದವರೇ ಆಗಿರಲಿ, ಕಾನೂನಿನ ಕ್ರಮವಿಲ್ಲದೆ ಅವರ ಸೂರು ಕೀಳುವಂತಿಲ್ಲ. ಪೌರತ್ವದ ಪ್ರಶ್ನೆಯಿದ್ದರೆ ಅದನ್ನು ನಿರ್ಣಯಿಸಬೇಕಾದದ್ದು ಜೆಸಿಬಿಯಲ್ಲ.

ಕಾನೂನಿನ ಮಿತಿಯನ್ನೂ ಮರೆಯಬಾರದು. 1985ರ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜೀವನೋಪಾಯವು ಜೀವಿಸುವ ಹಕ್ಕಿನ ಭಾಗವೆಂದಿತು; ಆದರೂ ಮುಂಬಯಿಯ ಕಾಲುದಾರಿಯ ನಿವಾಸಿಗಳ ತೆರವನ್ನು ಪೂರ್ತಿ ನಿಷೇಧಿಸಲಿಲ್ಲ. ಕರಿಯಮ್ಮನ ಅಗ್ರಹಾರದಲ್ಲೂ ತಡೆಯಾಜ್ಞೆ ಬಂದದ್ದು ಶೆಡ್ಡುಗಳು ಉರುಳಿದ ಮೇಲೆ. ಅಷ್ಟರಲ್ಲಿ ಎಷ್ಟೋ ಕುಟುಂಬಗಳು ಬೇರೆಡೆಗೆ ಹೋಗಿದ್ದವು.

ಆದರೂ ಆ ಆಜ್ಞೆ ಬೇಕಾಗಿತ್ತು. ಇನ್ನೂ ಉರುಳದ ಮನೆಗಳಿಗೆ ಅದು ಕಾವಲಾಯಿತು. ಬೆಳಗೊಳದ ಇಪ್ಪತ್ತು ಕಾವಲುಗಾರರು ಮಾಡಿದ ಕೆಲಸವೂ ಅದೇ. ನಮ್ಮ ವಿದ್ಯಾರ್ಥಿಗಳು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಸಂಪುಟಗಳಲ್ಲಿ 1368ರ ಜೈನರ ದೂರನ್ನು ಇಂದಿಗೂ ಓದಬಲ್ಲರು. ಐಟಿ ಕಟ್ಟಡಗಳ ನೆರಳಿನಲ್ಲಿ ಬದುಕಿದ ಈ ಕಾರ್ಮಿಕರ ದೂರು ನ್ಯಾಯಾಲಯದ ಕಡತದಲ್ಲಿದೆ. ಆಧುನಿಕ ಬೆಂಗಳೂರಿನ ಚರಿತ್ರೆ ಬರೆಯುವವರು ಅದನ್ನೂ ಶಾಸನವೆಂದೇ ಓದಬೇಕು.