ಗ್ರಹಣ, ಗಣಿತ ಮತ್ತು ಭಕ್ತಿ: ಮಳಖೇಡ ಕಲಿಸುವ ಪಾಠ

2019ರ ಡಿಸೆಂಬರ್ 26ರ ಬೆಳಿಗ್ಗೆ ದಕ್ಷಿಣ ಭಾರತದಲ್ಲಿ ಸೂರ್ಯಗ್ರಹಣ ಕಾಣಿಸಿತು. ಮಂಗಳೂರು, ಕಾಸರಗೋಡಿನ ಕಡೆ ಅದು ಕಂಕಣ ಗ್ರಹಣ. ಕಲಬುರಗಿಯಲ್ಲಿ ಪಾರ್ಶ್ವ ಗ್ರಹಣ. ಅದೇ ಹೊತ್ತಿನಲ್ಲಿ ಕಲಬುರಗಿ ಸಮೀಪದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಕೆಲವು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದರು. ಹಾಗೆ ಮಾಡಿದರೆ ಮಕ್ಕಳು ಗುಣವಾಗುತ್ತಾರೆ ಎಂಬುದು ಹೆತ್ತವರ ನಂಬಿಕೆಯಾಗಿತ್ತು.

ಇಂಥ ಸುದ್ದಿ ಓದಿದಾಗ ನಂಬಿಕೆಗೂ ವಿಜ್ಞಾನಕ್ಕೂ ಎಣ್ಣೆ-ಸೀಗೆಕಾಯಿ ಸಂಬಂಧ ಎಂದು ತೀರ್ಮಾನಿಸುವುದು ಸುಲಭ. ಆದರೆ ನೀವು ಆಳಂದ ತಾಲ್ಲೂಕಿನ ಭೂಸನೂರಿನಲ್ಲಿ ಪಾಠ ಮಾಡುವ ಶಿಕ್ಷಕರು ಎಂದುಕೊಳ್ಳಿ. ತರಗತಿಯಲ್ಲಿ ಒಬ್ಬ ಹುಡುಗಿ ಎದ್ದು ನಿಂತು, 'ಸರ್, ದೇವರನ್ನು ನಂಬುವವರು ವಿಜ್ಞಾನಿ ಆಗಬಹುದೇ?' ಎಂದು ಕೇಳಿದರೆ ಏನು ಹೇಳುವಿರಿ? ಉತ್ತರ ಹುಡುಕಲು ಗೆಲಿಲಿಯೋವಿನ ಇಟಲಿಗೇ ಹೋಗಬೇಕಿಲ್ಲ. ಕಲಬುರಗಿ ದಾಟಿ ಸೇಡಂ ದಾರಿ ಹಿಡಿದರೆ ಸಾಕು. ಅಲ್ಲಿ ಕಾಗಿಣಾ ನದಿಯ ದಂಡೆಯ ಮೇಲಿರುವ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ.

ನಮಸ್ಕಾರದಿಂದ ಆರಂಭವಾದ ಗಣಿತ

ಅಮೋಘವರ್ಷ ನೃಪತುಂಗನ (ಕ್ರಿ.ಶ. 814-878) ಕಾಲದಲ್ಲಿ ಮಹಾವೀರಾಚಾರ್ಯ ಎಂಬ ಜೈನ ವಿದ್ವಾಂಸ 'ಗಣಿತಸಾರಸಂಗ್ರಹ'ವನ್ನು ಸಂಸ್ಕೃತದಲ್ಲಿ ರಚಿಸಿದ. ಗ್ರಂಥ ತೊಡಗುವುದೇ ಜಿನ ಮಹಾವೀರನಿಗೆ ನಮಸ್ಕಾರದಿಂದ. ಅನಂತರ ರಾಜನ ಸ್ತುತಿ, ಆಮೇಲೆ ಗಣಿತದ ಸ್ತುತಿ. ಅಡುಗೆ, ವೈದ್ಯ, ಸಂಗೀತ, ವಾಸ್ತು, ಛಂದಸ್ಸು, ಗ್ರಹಣದ ಲೆಕ್ಕ ಎಲ್ಲಕ್ಕೂ ಗಣಿತ ಬೇಕು ಎನ್ನುವ ಆತ, ಅದೇ ಉಸಿರಿನಲ್ಲಿ ದೇವಲೋಕ, ನರಕಲೋಕಗಳ ಅಳತೆಗೂ ಬೇಕು ಎನ್ನುತ್ತಾನೆ. ಆತನ ಭಕ್ತಿಯಲ್ಲಿ ಮುಚ್ಚುಮರೆ ಇಲ್ಲ.

ಈಗ ಒಳಗಿನ ಲೆಕ್ಕಗಳನ್ನು ನೋಡಿ. ಆರು ರುಚಿಗಳನ್ನು ಒಂದೊಂದಾಗಿ, ಎರಡೆರಡಾಗಿ, ಹೀಗೆ ಆರರವರೆಗೆ ಕೂಡಿಸಿದರೆ ಎಷ್ಟು ಬಗೆ? 6, 15, 20, 15, 6, 1, ಒಟ್ಟು 63. ಇಂದು ನೀವು ಪಿಯುಸಿಯಲ್ಲಿ ಕಲಿಸುವ ವಿಕಲ್ಪಗಳ ಸೂತ್ರಕ್ಕೆ ಸಾಮಾನ್ಯ ನಿಯಮವನ್ನು ಆತ ಅಂದೇ ಕೊಟ್ಟಿದ್ದ. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದ. ಈ ಲೆಕ್ಕಗಳನ್ನು ಒಪ್ಪಲು ನೀವು ಜೈನರಾಗಿರಬೇಕಿಲ್ಲ. ನಮಸ್ಕಾರ ಪುಸ್ತಕದ ಬಾಗಿಲಲ್ಲಿದೆ, ಸಾಧನೆಯ ಹಂತಗಳ ನಡುವೆ ಇಲ್ಲ.

ಆತ ತಪ್ಪಿದ್ದೂ ಉಂಟು. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದು ಎಂದ. ಇದು ಭಕ್ತಿಯಿಂದ ಬಂದ ತಪ್ಪಲ್ಲ, ಗಣಿತದ್ದೇ ತಪ್ಪು. ಭಕ್ತಿ ಅದನ್ನು ತಪ್ಪಿಸಲೂ ಇಲ್ಲ. 1150ರಲ್ಲಿ ಭಾಸ್ಕರಾಚಾರ್ಯ ಇಂಥ ರಾಶಿಗೆ 'ಖಹರ' ಎಂಬ ಬೇರೆ ಹೆಸರಿಟ್ಟು ಅದು ಅನಂತ ಎಂದ. ಅದೂ ಕೊನೆಯ ಮಾತಾಗಲಿಲ್ಲ. ಇಂದು ನಾವು ಸೊನ್ನೆಯಿಂದ ಭಾಗಾಕಾರವನ್ನೇ ಒಪ್ಪುವುದಿಲ್ಲ. ಹೀಗೆ ತಿದ್ದುತ್ತ ಹೋಗಲು ಯಾರ ಧರ್ಮವೂ ಅಡ್ಡ ಬರಲಿಲ್ಲ.

ಗೌರವ ಅಡ್ಡಬಂದಾಗ

ಆದರೆ ಇನ್ನೊಂದು ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಬೇಕು. ವೃತ್ತದ ಪರಿಧಿ ಕಂಡುಹಿಡಿಯಲು ಮಹಾವೀರಾಚಾರ್ಯ ವ್ಯಾಸವನ್ನು 10ರ ವರ್ಗಮೂಲದಿಂದ, ಅಂದರೆ 3.162ರಿಂದ ಗುಣಿಸುತ್ತಾನೆ. ಇದು ಹಳೆಯ ಜೈನ ಗ್ರಂಥಗಳಲ್ಲಿರುವ ಬೆಲೆ. ಆರ್ಯಭಟ 499ರಲ್ಲೇ 3.1416 ಎಂದು ಕೊಟ್ಟಿದ್ದ. 7 ಮೀಟರ್ ವ್ಯಾಸದ ಬಾವಿಗೆ ಈ ಎರಡು ಲೆಕ್ಕಗಳ ಅಂತರ ಸುಮಾರು 14 ಸೆಂಟಿಮೀಟರ್. ಹಗ್ಗ ಹಿಡಿದು ಜಾಗರೂಕತೆಯಿಂದ ಅಳೆದರೆ ಸಿಕ್ಕಿಬೀಳುವಷ್ಟು ದೊಡ್ಡ ವ್ಯತ್ಯಾಸ. ಜೈನನಲ್ಲದ ಬ್ರಹ್ಮಗುಪ್ತನೂ 628ರಲ್ಲಿ ಇದೇ ಬೆಲೆಯನ್ನು ಬಳಸಿದ್ದ. ಹಾಗಾಗಿ ದೋಷವನ್ನು ಒಂದು ಮತದ ತಲೆಗೆ ಕಟ್ಟಲಾಗದು. ಪರಂಪರೆಯಿಂದ ಬಂದದ್ದನ್ನು ಅಳೆದು ನೋಡದೆ ಉಳಿಸಿಕೊಳ್ಳುವುದು ಯಾವ ವಿದ್ವಾಂಸನಿಗೂ ತಪ್ಪಿದ್ದಲ್ಲ. ಪಠ್ಯಪುಸ್ತಕದಲ್ಲಿದೆ ಎಂದು ನಂಬುವ ನಮಗೂ ತಪ್ಪಿದ್ದಲ್ಲ.

ಬ್ರಹ್ಮಗುಪ್ತನ ಕಥೆ ಇನ್ನೂ ಸ್ವಾರಸ್ಯವಾದದ್ದು. ಗ್ರಹಣಕ್ಕೆ ರಾಹು ಕಾರಣನಲ್ಲ ಎಂದವರನ್ನು ಆತ ಶ್ರುತಿ-ಸ್ಮೃತಿಗಳಿಗೆ ವಿರುದ್ಧ ಎಂದು ಖಂಡಿಸಿದ. ಆದರೆ ಚಂದ್ರಗ್ರಹಣದ ಲೆಕ್ಕ ಮಾಡಲು ಕುಳಿತಾಗ ಭೂಮಿಯ ನೆರಳಿನ ವ್ಯಾಸವನ್ನೇ ಬಳಸಿದ. ಸುಮಾರು 1030ರಲ್ಲಿ ಭಾರತದ ಬಗ್ಗೆ ಬರೆದ ಅಲ್-ಬಿರೂನಿ ಇದನ್ನು ಕಂಡು ಬೆರಗಾದ. ಬ್ರಹ್ಮಗುಪ್ತನ ಮಾತಿನಲ್ಲಿ ರಾಹು ಇದ್ದ, ಲೆಕ್ಕದಲ್ಲಿ ಇರಲಿಲ್ಲ. ಇದ್ದಿದ್ದರೆ ಗ್ರಹಣ ಹೇಳಿದ ಹೊತ್ತಿಗೆ ಬರುತ್ತಿರಲಿಲ್ಲ.

ಕಲ್ಲಿನಲ್ಲಿ ಉಳಿದ ಗ್ರಹಣ

ನಂಬಿಕೆಯಿಂದ ವಿಜ್ಞಾನಕ್ಕೆ ಉಪಕಾರವಾದದ್ದೂ ಇದೆ. ಗ್ರಹಣದಂದು ದಾನ ಕೊಟ್ಟರೆ ಪುಣ್ಯ ಹೆಚ್ಚು ಎಂದು ನಂಬಿದ್ದ ಜನ, ದಾನದ ಜೊತೆಗೆ ಗ್ರಹಣವನ್ನೂ ಶಾಸನದಲ್ಲಿ ಬರೆಸಿದರು. ಅಮೋಘವರ್ಷನ ಕಾಲದ ಶಿರೂರು ಮತ್ತು ನೀಲಗುಂದ ಶಾಸನಗಳು ಶಕ 788, ಜ್ಯೇಷ್ಠ ಅಮಾವಾಸ್ಯೆ, ಭಾನುವಾರ, ಸೂರ್ಯಗ್ರಹಣ ಎನ್ನುತ್ತವೆ. ಲೆಕ್ಕ ಹಾಕಿದರೆ ಅದು ಕ್ರಿ.ಶ. 866ರ ಜೂನ್ 16. ಅಂದು ಗ್ರಹಣವೂ ಇತ್ತು, ವಾರವೂ ಭಾನುವಾರವೇ. ಅದು ಆತನ ಆಳ್ವಿಕೆಯ 52ನೆಯ ವರ್ಷವೆಂದು ಶಾಸನ ಹೇಳುವುದರಿಂದ ಆತ ಪಟ್ಟಕ್ಕೆ ಬಂದ ಕಾಲವೂ ಗೊತ್ತಾಯಿತು. ಪುಣ್ಯ ಸಿಕ್ಕಿತೋ ಇಲ್ಲವೋ ಇತಿಹಾಸಕಾರ ಹೇಳಲಾರ. ದಿನಾಂಕವಂತೂ ಸಿಕ್ಕಿತು.

ಹಾಗಾದರೆ ಆ ಹುಡುಗಿಗೆ ಏನು ಹೇಳೋಣ? ನಂಬಿಕೆ ಇರಬಹುದೇ ಎಂಬುದಕ್ಕಿಂತ, ಅದು ಎಲ್ಲಿ ನಿಂತಿದೆ ಎಂದು ಕೇಳಲು ಕಲಿಸೋಣ. ಕೆಲಸಕ್ಕೆ ಹುರುಪು ಕೊಡುತ್ತ ಹಿಂದೆ ನಿಂತರೆ ಮಹಾವೀರಾಚಾರ್ಯನಂಥವರು ಬರುತ್ತಾರೆ. ಅಳತೆಯ ಜಾಗದಲ್ಲಿ ಬಂದು ಕುಳಿತರೆ ಬಾವಿಯ ಲೆಕ್ಕ ತಪ್ಪುತ್ತದೆ. ಚಿಕಿತ್ಸೆಯ ಜಾಗದಲ್ಲಿ ಬಂದು ಕುಳಿತರೆ ಮಗು ಮಣ್ಣಿನಲ್ಲಿ ಹೂತುಹೋಗುತ್ತದೆ. ಆ ತಂದೆತಾಯಿಯರ ಭಕ್ತಿಯನ್ನು ಹೀಯಾಳಿಸಿ ಫಲವಿಲ್ಲ. 'ಹಿಂದೆ ಹೀಗೆ ಹೂತ ಮಕ್ಕಳಲ್ಲಿ ಎಷ್ಟು ಜನ ಎದ್ದು ನಡೆದರು?' ಎಂದು ಒಮ್ಮೆ ಎಣಿಸಲು ಹೇಳಬೇಕು. ಎಣಿಸುವುದು ಈ ನೆಲಕ್ಕೆ ಹೊಸದಲ್ಲ. ಹನ್ನೊಂದು ಶತಮಾನಗಳ ಹಿಂದೆ ಮಳಖೇಡದ ಅರಸನ ಕಾಲದಲ್ಲಿ, ಕೈಮುಗಿದು ಕುಳಿತ ಒಬ್ಬ ಭಕ್ತ ಇದನ್ನೇ ಕಲಿಸಿದ್ದ.

ಮುಂದಿನ ತರಗತಿಗೆ ಒಂದು ಬಳೆ, ಒಂದು ದಾರ, ಒಂದು ಅಳತೆಪಟ್ಟಿ ತೆಗೆದುಕೊಂಡು ಹೋಗಿ. 3.162 ಸರಿಯೋ 3.1416 ಸರಿಯೋ, ಮಕ್ಕಳೇ ಅಳೆದು ಹೇಳಲಿ.